ಪದಚರ್ಚೆ: ದೂರದ ಧೂಮಕೇತು ‘ಕರಗುತ್ತದೆಯೇ’, ‘ಸ್ಫೋಟಿಸುತ್ತದೆಯೇ’?

ಗೌರಿಬಿದನೂರಿನ ಹೈಸ್ಕೂಲುಗಳಿಗೆಂದು ಸಿದ್ಧವಾಗುತ್ತಿರುವ ಭಿತ್ತಿಪತ್ರದ ಒಂದು ಸಾಲು ಹೀಗಿದೆ: ‘ಸೂರ್ಯನಿಂದ ಬಹುದೂರದಲ್ಲೂ ಧೂಮಕೇತುವಿನ ಹಿಮ ಕರಗಿ, ಆಗಾಗ ಸ್ಫೋಟಿಸಿ ಹೊಗೆ ಉಗುಳುತ್ತದೆ.’ ಓದಲು ಸಲೀಸು. ಆದರೆ ಇದರಲ್ಲಿನ ಪದಗಳು ಕೊಡುವ ಚಿತ್ರ ಅಲ್ಲಿ ನಡೆಯುವುದಕ್ಕೆ ಹೊಂದುವುದಿಲ್ಲ.

ಕರಗಬೇಕಾದರೆ ದ್ರವವಾಗಬೇಕು. 611 ಪಾಸ್ಕಲ್‌ಗಿಂತ ಕಡಿಮೆ ಒತ್ತಡದಲ್ಲಿ ನೀರು ದ್ರವವಾಗಿ ನಿಲ್ಲದು. ಧೂಮಕೇತುವಿನ ಮೈಮೇಲೆ ಇರುವುದು ಹೆಚ್ಚುಕಡಿಮೆ ನಿರ್ವಾತ. ಹಿಮ ನೇರವಾಗಿ ಆವಿಯಾಗುತ್ತದೆ. ಪಠ್ಯಪುಸ್ತಕದ ‘ಉತ್ಪತನ’ ಇದಕ್ಕೆ ಸರಿಯಾದ ಮಾತು, ಮಕ್ಕಳಿಗೂ ಗೊತ್ತಿರುತ್ತದೆ. ಆದರೆ ಯಾವುದರ ಹಿಮ? ಬರೀ ‘ಹಿಮ’ ಎಂದರೆ ಓದುವವರು ನೀರಿನದೇ ಅಂದುಕೊಳ್ಳುತ್ತಾರೆ. ನೀರಿನ ಹಿಮ ಜೋರಾಗಿ ಆವಿಯಾಗುವುದು ಸುಮಾರು 3 ಖಗೋಳಮಾನದೊಳಗೆ ಮಾತ್ರ (1 ಖಗೋಳಮಾನವೆಂದರೆ ಸುಮಾರು 15 ಕೋಟಿ ಕಿ.ಮೀ.). ಅದರಾಚೆ ಇಂಗಾಲದ ಡೈಆಕ್ಸೈಡ್, ಇನ್ನೂ ಆಚೆ ಇಂಗಾಲದ ಮಾನಾಕ್ಸೈಡ್. ಮಾನಾಕ್ಸೈಡಿನ ಹಿಮಕ್ಕೆ 25 ಕೆಲ್ವಿನ್ (ಸುಮಾರು −248 ಡಿಗ್ರಿ ಸೆಲ್ಸಿಯಸ್) ಆಸುಪಾಸಿನ ಚಳಿಯೂ ಬಿಸಿಲೇ. ಸಿ/2017 ಕೆ2 ಎಂಬ ಧೂಮಕೇತು 2013ರ ಚಿತ್ರಗಳಲ್ಲೇ, ಯುರೇನಸ್ಸಿನ ಕಕ್ಷೆಯಾಚೆ ಸುಮಾರು 24 ಖಗೋಳಮಾನದಲ್ಲಿ, ಧೂಳು ಮುಸುಕಿಕೊಂಡಿತ್ತು.

ಹಾಗಂತ ಎಲ್ಲ ಕಡೆ ‘ಉತ್ಪತನ’ ತುಂಬಿದರೂ ಆಗದು. ಅತಿಶೀತದಲ್ಲಿ ಹೆಪ್ಪುಗಟ್ಟಿದ ನೀರಿನ ಹಿಮಕ್ಕೆ ಹರಳಿನ ಕಟ್ಟು ಇರುವುದಿಲ್ಲ. ಒಳಗೆ ಬೇರೆ ಅನಿಲಗಳು ಸಿಕ್ಕಿಕೊಂಡಿರುತ್ತವೆ. ಕಾವು ಏರಿ ಹಿಮ ಹರಳುಗಟ್ಟುವಾಗ ಆ ಅನಿಲ ಬಿಡುಗಡೆಯಾಗುತ್ತದೆ. ಅಲ್ಲಿ ನೀರು ಆವಿಯೇ ಆಗಿರುವುದಿಲ್ಲ. ಎರಡಕ್ಕೂ ಒದಗುವ ಕ್ರಿಯಾಪದ ‘ಸೂಸು’ ಎಂದು ನನ್ನ ಮತ. ನಮ್ಮ ಕಡೆ ಕೆರೆಕಟ್ಟೆಗೆ ಹೇಳುವ ‘ಒಸರು’ ಆಗದೇ ಎಂದು ಒಬ್ಬರು ಕೇಳಿದ್ದಾರೆ. ಚೆಂದದ ಮಾತೇ, ಆದರೆ ಅದರಲ್ಲಿ ತೇವವಿದೆ. ಮತ್ತೆ ಕರಗಿದ ನೀರಿಗೇ ಬಂದು ನಿಲ್ಲುತ್ತೇವೆ.

‘ಸ್ಫೋಟ’ವನ್ನು ಧೂಮಕೇತು ನಿಜಕ್ಕೂ ಒಡೆದಾಗ ಬಳಸಿದರೂ ಅನುಮಾನವೇ. 73ಪಿ ಎಂಬ ಧೂಮಕೇತು 1995ರಲ್ಲಿ ತುಂಡಾಯಿತು. ಅದಕ್ಕೆ ‘ಒಡೆಯಿತು’ ಸಾಕು. ಗುರು ಮತ್ತು ಶನಿಯ ಕಕ್ಷೆಗಳ ನಡುವೆ ಸುತ್ತುವ 29ಪಿ ಎಂಬ ಇನ್ನೊಂದು ಧೂಮಕೇತು ವರ್ಷಕ್ಕೆ ಸುಮಾರು 7 ಬಾರಿ ಥಟ್ಟನೆ ಪ್ರಕಾಶಮಾನವಾಗುತ್ತದೆ, ಆದರೂ ಇಡಿಯಾಗೇ ಉಳಿದಿದೆ. ಇದಕ್ಕೆ ‘ಉಕ್ಕುತ್ತದೆ’ ಅನ್ನಿ. ನಾಮಪದ ಬೇಕಾದಾಗ ‘ಉಕ್ಕುವಿಕೆ’ ಎಂದೇ ಬರೆಯಬೇಕು, ಇಲ್ಲದಿದ್ದರೆ ಧೂಮಕೇತುವಿನಿಂದ ಕಬ್ಬಿಣದ ತಮ್ಮ ಹೊರಬಂದೀತು! ‘ಭುಗಿಲೆದ್ದಿತು’ ಬೇಡ, ಅಲ್ಲಿ ಬೆಂಕಿಯಿಲ್ಲ.

ಬೆಂಕಿಯಿಲ್ಲದ ಮೇಲೆ ಹೊಗೆಯೂ ಇಲ್ಲ, ಹೆಸರಿನಲ್ಲೇ ಧೂಮವಿದ್ದರೂ. ದೂರದ ಧೂಮಕೇತುಗಳಲ್ಲಿ ನಮಗೆ ಕಾಣುವುದು ಮುಖ್ಯವಾಗಿ ಸೂರ್ಯನ ಬೆಳಕನ್ನು ಚದುರಿಸುವ ಧೂಳು. ಅದನ್ನು ಹೊತ್ತು ತರುವ ಮಾನಾಕ್ಸೈಡನ್ನು ಪತ್ತೆಮಾಡಲು ಹೆಚ್ಚಾಗಿ ರೇಡಿಯೋ ದೂರದರ್ಶಕ ಬಳಸುತ್ತಾರೆ, ಅದೂ 1.3 ಮಿಲಿಮೀಟರಿನಂಥ ಅಲೆಗಳಲ್ಲಿ. ಭಿತ್ತಿಪತ್ರದಲ್ಲಿ ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯದ ಆಂಟೆನಾಗಳ ಫೋಟೋ ಹಾಕುವ ಯೋಚನೆಯಿದೆಯಂತೆ. ಅವು ಸೂರ್ಯನ ಕರೋನಾವನ್ನು (ಹೊರ ವಾತಾವರಣವನ್ನು) ಗಮನಿಸುವುದು ಮೀಟರುಗಟ್ಟಲೆ ಉದ್ದದ ಅಲೆಗಳಲ್ಲಿ. ಫೋಟೋ ಹಾಕಿ, ಆದರೆ ಧೂಮಕೇತುವಿನ ಅನಿಲ ಹಿಡಿಯುವ ಉಪಕರಣ ಎಂದು ಕೆಳಗೆ ಬರೆಯಬೇಡಿ.

ನನ್ನ ತಿದ್ದುಪಡಿ: ‘ಸೂರ್ಯನಿಂದ ಬಹುದೂರದಲ್ಲೂ ಧೂಮಕೇತು ಇಂಗಾಲದ ಮಾನಾಕ್ಸೈಡಿನಂಥ ಅನಿಲ ಸೂಸುತ್ತದೆ. ಅನಿಲದ ಜೊತೆ ಧೂಳೂ ಬರುತ್ತದೆ. ಕೆಲವು ಧೂಮಕೇತುಗಳಲ್ಲಿ ಇದು ಥಟ್ಟನೆ ಉಕ್ಕುವುದೂ ಉಂಟು.’

ಉಳಿದದ್ದು ‘ಕೋಮಾ’, ಅಂದರೆ ಧೂಮಕೇತುವಿನ ತಿರುಳನ್ನು ಸುತ್ತುವರಿಯುವ ಅನಿಲ ಮತ್ತು ಧೂಳಿನ ಹೊದಿಕೆ. ಹಾಗೇ ಬಿಟ್ಟರೆ ಮಕ್ಕಳಿಗೆ ಆಸ್ಪತ್ರೆ ನೆನಪಾಗುತ್ತದೆ. ‘ಶಿಖೆ’ ಎಂದರೆ ಮತ್ತೆ ಜ್ವಾಲೆಯ ಸುಳಿವು. ‘ಧೂಳುಮುಸುಕು’ ಎಂದರೆ ಅನಿಲ ಬಿಟ್ಟುಹೋಗುತ್ತದೆ. ಬರೀ ‘ಮುಸುಕು’ ಸಾಕೇ? ತರಗತಿಯಲ್ಲಿ ಬಳಸಿ ನೋಡಿದವರು ತಿಳಿಸಿ.