ಮುಟ್ಟು ನಿಂತ ಮೇಲೆ ಹಾರ್ಮೋನ್ ಚಿಕಿತ್ಸೆ ಪಡೆಯುವುದು ಸುರಕ್ಷಿತವೇ?

ಗದಗಿನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನನಗೆ 49 ವರ್ಷ, ಮುಟ್ಟು ನಿಂತು ವರ್ಷ ದಾಟಿದೆ. ತರಗತಿಯಲ್ಲಿ ಪಾಠ ಮಾಡುತ್ತಿರುವಾಗಲೇ ಎದೆಯಿಂದ ಮುಖದವರೆಗೆ ಝಳ ಏರಿ ಮೈಯೆಲ್ಲ ಬೆವರುತ್ತದೆ, ಸ್ವಲ್ಪ ಹೊತ್ತಿಗೆ ಚಳಿ ಹತ್ತುತ್ತದೆ. ರಾತ್ರಿಯೂ ಇದೇ ಪಾಡಾಗಿರುವುದರಿಂದ ನಿದ್ದೆ ಇಲ್ಲ, ಮಕ್ಕಳ ಮೇಲೆ ಸುಮ್ಮಸುಮ್ಮನೆ ಸಿಟ್ಟಾಗುತ್ತೇನೆ. ಥೈರಾಯ್ಡ್, ಸಕ್ಕರೆ, ಹಿಮೋಗ್ಲೋಬಿನ್ ಎಲ್ಲವೂ ಸರಿ ಇವೆ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದು ಅದು ಹತೋಟಿಯಲ್ಲಿದೆ. ಸ್ತ್ರೀರೋಗ ತಜ್ಞೆಯೊಬ್ಬರು ಹಾರ್ಮೋನ್ ಚಿಕಿತ್ಸೆ ಸೂಚಿಸಿದ್ದಾರೆ. ಆದರೆ ಮನೆಯಲ್ಲಿ ನಮ್ಮ ವೈನಿಯವರು ಅದರಿಂದ ಎದೆಯ ಕ್ಯಾನ್ಸರ್ ಬರುತ್ತದೆ ಎಂದು ಖಂಡಿತವಾಗಿ ಬೇಡವೆನ್ನುತ್ತಿದ್ದಾರೆ. ನನ್ನ ದೊಡ್ಡಮ್ಮನಿಗೆ 70 ದಾಟಿದ ಮೇಲೆ ಆ ಕಾಯಿಲೆ ಬಂದಿತ್ತು. ಹೀಗಾಗಿ ನನಗೂ ಧೈರ್ಯ ಸಾಲುತ್ತಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಧಾರವಾಡದ ವೈದ್ಯೆ

ಅಕ್ಕಾವರೇ, ನಿಮ್ಮ ವೈನಿಯವರ ಭಯ ಆಧಾರವಿಲ್ಲದ್ದಲ್ಲ, ಅದಕ್ಕೊಂದು ಇತಿಹಾಸವಿದೆ. ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ದೊಡ್ಡ ಅಧ್ಯಯನ ನಡೆದಿತ್ತು. ಅದರಲ್ಲಿ ಈಸ್ಟ್ರೋಜನ್ (ಅಂಡಾಶಯದಲ್ಲಿ ತಯಾರಾಗುವ ಸ್ತ್ರೀ ಹಾರ್ಮೋನ್) ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಎಂಬ ಇನ್ನೊಂದು ಸ್ತ್ರೀ ಹಾರ್ಮೋನಿನಂತೆ ಕೆಲಸ ಮಾಡುವ ಔಷಧಿ) ಎರಡನ್ನೂ ಕೊಡುತ್ತಿದ್ದ ಭಾಗವನ್ನು 2002ರ ಜುಲೈಯಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದರು, ಏಕೆಂದರೆ ಆ ಮಾತ್ರೆ ಪಡೆದವರಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಮತ್ತು ರಕ್ತ ಹೆಪ್ಪುಗಟ್ಟುವಿಕೆ ಹೆಚ್ಚಾಗಿ ಕಂಡವು. ಜಗತ್ತಿನಾದ್ಯಂತ ಪತ್ರಿಕೆಗಳಲ್ಲಿ ಸುದ್ದಿಯಾಗಿ ಲಕ್ಷಾಂತರ ಮಹಿಳೆಯರು ಮಾತ್ರೆ ಬಿಟ್ಟರು. ಆ ಹೆಚ್ಚಳ ಎಷ್ಟೆಂಬುದು ಮಾತ್ರ ಬಹಳ ಜನರಿಗೆ ತಲುಪಲಿಲ್ಲ. ಮಾತ್ರೆ ತೆಗೆದುಕೊಳ್ಳದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 30 ಜನರಿಗೆ ಸ್ತನ ಕ್ಯಾನ್ಸರ್ ಬಂದರೆ, ತೆಗೆದುಕೊಂಡ 10,000 ಜನರಲ್ಲಿ ಸುಮಾರು 38 ಜನರಿಗೆ ಬಂದಿತ್ತು. ಇದು ಸೊನ್ನೆಯಲ್ಲ, ಹಾಗೆಂದು ಮಾತ್ರೆ ನುಂಗಿದವರಿಗೆಲ್ಲ ಕ್ಯಾನ್ಸರ್ ಎಂಬುದೂ ಅಲ್ಲ.

ಅದಕ್ಕಿಂತ ಮುಖ್ಯವಾದದ್ದು, ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು, ಹದಿನೈದು ವರ್ಷಗಳಾದ ಮೇಲೆ, ರಕ್ತನಾಳಗಳು ಆಗಲೇ ಗಡಸಾಗಿರುವ ವಯಸ್ಸಿನಲ್ಲಿ ಹೊಸದಾಗಿ ಈಸ್ಟ್ರೋಜನ್ ಆರಂಭಿಸಿದವರೇ ಅವರಲ್ಲಿ ಹೆಚ್ಚು. ಅವರ ಫಲಿತಾಂಶವನ್ನು 49 ವರ್ಷದ ನಿಮಗೆ ಹಾಗೆಯೇ ಅನ್ವಯಿಸಲಾಗದು. ಆ ಅಂಕಿ ಅಂಶಗಳನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದ ಮೇಲೆ ಈಗಿನ ತಿಳಿವಳಿಕೆ ಹೀಗಿದೆ: 60 ವರ್ಷದೊಳಗಿರುವ ಅಥವಾ ಮುಟ್ಟು ನಿಂತು ಹತ್ತು ವರ್ಷ ಮೀರದ, ತೀವ್ರವಾದ ಝಳ ಮತ್ತು ಬೆವರಿನಿಂದ ಬಳಲುವ ಮಹಿಳೆಗೆ, ಬೇರೆ ಅಡ್ಡಿಗಳಿಲ್ಲದಿದ್ದರೆ, ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಹೆಚ್ಚು. ಝಳವನ್ನು ಕಡಿಮೆ ಮಾಡುವಲ್ಲಿ ಇದಕ್ಕೆ ಸಮನಾದ ಬೇರೆ ಔಷಧಿ ಇಲ್ಲ. ಎಲುಬು ಸವೆಯುವುದನ್ನೂ ಇದು ತಡೆಯುತ್ತದೆ.

ನಿಮ್ಮ ಗರ್ಭಕೋಶ ಇದೆಯೆಂದು ಭಾವಿಸಿ ಬರೆಯುತ್ತಿದ್ದೇನೆ. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಅದರ ಒಳಪದರ ದಪ್ಪವಾಗುತ್ತ ಹೋಗಿ ಅಲ್ಲಿಯೇ ಕ್ಯಾನ್ಸರ್ ಆಗುವ ಸಾಧ್ಯತೆ ಇರುವುದರಿಂದ ಪ್ರೊಜೆಸ್ಟರಾನ್ ಜೊತೆಗಿರಲೇಬೇಕು. ರಕ್ತದೊತ್ತಡ ಹತೋಟಿಯಲ್ಲಿದ್ದರೆ ಅದು ಅಡ್ಡಿಯಲ್ಲ. ಆದರೂ ನಿಮ್ಮಂಥವರಿಗೆ ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ಜೆಲ್ ಆಗಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಬಾಯಿಂದ ನುಂಗಿದ ಈಸ್ಟ್ರೋಜನ್ ಮೊದಲು ಯಕೃತ್ತಿಗೆ ಹೋಗಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮದ ಮೂಲಕ ಹೋದದ್ದು ನೇರವಾಗಿ ರಕ್ತಕ್ಕೆ ಸೇರುವುದರಿಂದ ಆ ತೊಂದರೆ ಬಹಳ ಕಡಿಮೆ.

ದೊಡ್ಡಮ್ಮನಿಗೆ ಇಳಿವಯಸ್ಸಿನಲ್ಲಿ ಕಾಯಿಲೆ ಬಂದದ್ದು ಒಂದೇ ಕಾರಣಕ್ಕೆ ನಿಮಗೆ ಚಿಕಿತ್ಸೆ ನಿಷಿದ್ಧವಾಗುವುದಿಲ್ಲ. ತಾಯಿಗೋ ಒಡಹುಟ್ಟಿದ ಅಕ್ಕತಂಗಿಯರಿಗೋ ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಯಾರಿಗೆ ಇದನ್ನು ಕೊಡಬಾರದೆಂದರೆ, ಸ್ವತಃ ಸ್ತನ ಕ್ಯಾನ್ಸರ್ ಆದವರಿಗೆ, ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳ ಹೆಪ್ಪುಗಟ್ಟಿದವರಿಗೆ, ಪಾರ್ಶ್ವವಾಯು ಅಥವಾ ಹೃದಯಾಘಾತವಾದವರಿಗೆ, ಯಕೃತ್ತಿನ ತೀವ್ರ ಕಾಯಿಲೆ ಇದ್ದವರಿಗೆ, ಮತ್ತು ಕಾರಣ ಗೊತ್ತಾಗದ ರಕ್ತಸ್ರಾವ ಇದ್ದವರಿಗೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ, ಹಾರ್ಮೋನ್ ವಿಚಾರ ಹಾಗಿರಲಿ, ಮೊದಲು ಪರೀಕ್ಷೆ ಮಾಡಿಸಲೇಬೇಕು.

ಹಾವೇರಿಯ ಓದುಗರು

ಡಾಕ್ಟರ್ ಮೇಡಂ, ಇದೇ ವಿಷಯದಲ್ಲಿ ನನ್ನದೊಂದು ಮಾತಿದೆ. ನಮ್ಮ ಕಡೆ ಹಳ್ಳಿಗಳಲ್ಲಿ ಮೂವತ್ತು, ಮೂವತ್ತೈದು ವರ್ಷಕ್ಕೇ ಗರ್ಭಚೀಲ ತೆಗೆಸಿಕೊಂಡ ಹೆಣ್ಣುಮಕ್ಕಳು ಅನೇಕರಿದ್ದಾರೆ. ನನ್ನ ತಂಗಿಗೆ 36ನೇ ವಯಸ್ಸಿನಲ್ಲಿ ಚೀಲದ ಜೊತೆ ಎರಡೂ ಅಂಡಾಶಯಗಳನ್ನು ತೆಗೆದರು. ಅದರಿಂದ ಮುಂದೆ ಏನಾಗುತ್ತದೆಂದು ಆಗ ಯಾರೂ ಹೇಳಲಿಲ್ಲ. ಈಗ ಅವಳಿಗೆ 39. ಹೊಲದಲ್ಲಿ ಕೆಲಸ ಮಾಡುವಾಗ ತಲೆ ಸುತ್ತುತ್ತದೆ, ಮೈ ಉರಿಯುತ್ತದೆ, ಕೀಲುಗಳೆಲ್ಲ ನೋಯುತ್ತವೆ. ಅಂಥವರಿಗೂ ಈ ಚಿಕಿತ್ಸೆ ಇದೆಯೇ?

ಧಾರವಾಡದ ವೈದ್ಯೆ

ಇದೆ, ಮತ್ತು ನಿಮ್ಮ ತಂಗಿಯ ವಿಷಯದಲ್ಲಿ ಪ್ರಶ್ನೆಯೇ ತಿರುವುಮುರುವಾಗಿದೆ. 49 ವರ್ಷದ ಶಿಕ್ಷಕಿಯವರು ಬೇಕಾದರೆ ಚಿಕಿತ್ಸೆ ತೆಗೆದುಕೊಳ್ಳಬಹುದು, ತಡೆದುಕೊಳ್ಳುವ ಹಾಗಿದ್ದರೆ ಬಿಡಬಹುದು. 40ಕ್ಕಿಂತ ಮೊದಲೇ ಅಂಡಾಶಯ ಕಳೆದುಕೊಂಡವರು ಚಿಕಿತ್ಸೆ ಪಡೆಯದೆ ಬಿಟ್ಟರೆ ಎಲುಬು ಬೇಗ ಸವೆಯುವುದು, ಹೃದಯದ ಕಾಯಿಲೆ ಬೇಗ ಬರುವುದು ಮುಂತಾದ ಹಾನಿಯ ಸಂಭವ ಹೆಚ್ಚು. ದೇಹಕ್ಕೆ ಆ ವಯಸ್ಸಿನಲ್ಲಿ ಇರಬೇಕಾಗಿದ್ದ ಹಾರ್ಮೋನನ್ನೇ ಮರಳಿ ಕೊಡುವುದರಿಂದ, ಅಡ್ಡಿಗಳಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಮುಂದುವರಿಸುವುದೇ ಈಗಿನ ಸಲಹೆ. ಗರ್ಭಕೋಶ ಇಲ್ಲದಿರುವುದರಿಂದ ಸಾಮಾನ್ಯವಾಗಿ ಅವರಿಗೆ ಈಸ್ಟ್ರೋಜನ್ ಒಂದೇ ಸಾಕು. ನಾನು ಮೇಲೆ ಹೇಳಿದ ಅಧ್ಯಯನದಲ್ಲಿಯೇ ಈಸ್ಟ್ರೋಜನ್ ಒಂದನ್ನೇ ಪಡೆದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಲಿಲ್ಲ. ಶಸ್ತ್ರಚಿಕಿತ್ಸೆಯ ಕಾಗದಪತ್ರ ಮತ್ತು ಬಯಾಪ್ಸಿ ವರದಿ ಇದ್ದರೆ ತೆಗೆದುಕೊಂಡು, ತಡಮಾಡದೆ ಹಾವೇರಿ ಜಿಲ್ಲಾಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೋ ಹುಬ್ಬಳ್ಳಿಯ ಕಿಮ್ಸ್‌ಗೋ ಕರೆದೊಯ್ಯಿರಿ. ಅಂಡಾಶಯ ನಿಜವಾಗಿ ತೆಗೆದಿದ್ದಾರೋ ಉಳಿಸಿದ್ದಾರೋ ಎಂಬುದು ಆ ಕಾಗದದಿಂದಲೇ ಖಚಿತವಾಗಬೇಕು.

ಹುಬ್ಬಳ್ಳಿಯ ಔಷಧಿ ಅಂಗಡಿಯವರು

ಒಂದು ವಿನಂತಿ. ಪಕ್ಕದ ಮನೆಯವರಿಗೆ ಬರೆದುಕೊಟ್ಟ ಚೀಟಿ ತೋರಿಸಿ ಅದೇ ಮಾತ್ರೆ ಕೊಡಿರೆಂದು ಕೇಳುವವರು ನಮ್ಮ ಅಂಗಡಿಗೂ ಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗರ್ಭಕೋಶ ತೆಗೆಸಿಕೊಂಡವರ ಮಾತ್ರೆಯನ್ನು ಗರ್ಭಕೋಶ ಇರುವವರು ನುಂಗಿದರೆ ಆಗುವ ಅಪಾಯವನ್ನು ಡಾಕ್ಟರ್ ಮೇಲೆಯೇ ಬರೆದಿದ್ದಾರೆ. ಗರ್ಭನಿರೋಧಕ ಮಾತ್ರೆಯೂ ಇದೂ ಒಂದೇ ಎಂದು ತಿಳಿದವರೂ ಇದ್ದಾರೆ. ಅದರಲ್ಲಿ ಹಾರ್ಮೋನಿನ ಪ್ರಮಾಣ ಬೇರೆ, ಉದ್ದೇಶ ಬೇರೆ.

ಗದಗಿನ ಶಿಕ್ಷಕಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನನ್ನ ಗರ್ಭಕೋಶ ಇದೆ. ಈ ಉತ್ತರಗಳನ್ನು ವೈನಿಯವರಿಗೂ ಓದಿ ಹೇಳಿದೆ. ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ತೆಗೆದುಕೊಳ್ಳಬೇಕೇ ಎಂಬುದು ಈಗ ಅವರ ಪ್ರಶ್ನೆ.

ಧಾರವಾಡದ ವೈದ್ಯೆ

ಬೇಕಿಲ್ಲ. ಆರಂಭಕ್ಕೆ ಮೊದಲು ರಕ್ತದೊತ್ತಡದ ತಪಾಸಣೆ ಮತ್ತು ಮ್ಯಾಮೋಗ್ರಫಿ (ಸ್ತನದ ಎಕ್ಸ್-ರೇ) ಆಗಲಿ. ಶುರು ಮಾಡಿ ಮೂರು ತಿಂಗಳಾದ ಮೇಲೆ ಒಮ್ಮೆ ನೋಡಿ ಪ್ರಮಾಣ ಸರಿಪಡಿಸುತ್ತಾರೆ. ಆ ಮೊದಲ ತಿಂಗಳುಗಳಲ್ಲಿ ಸ್ವಲ್ಪ ರಕ್ತ ಕಾಣಿಸುವುದುಂಟು, ಆರು ತಿಂಗಳಾದರೂ ನಿಲ್ಲದಿದ್ದರೆ ಅಥವಾ ನಿಂತು ಮತ್ತೆ ಬಂದರೆ ತಿಳಿಸಬೇಕು. ಆಮೇಲೆ ವರ್ಷಕ್ಕೊಮ್ಮೆ ಕುಳಿತು, ಮುಂದುವರಿಸಬೇಕೇ ಎಂದು ಇಬ್ಬರೂ ಸೇರಿ ನಿರ್ಧರಿಸುತ್ತೀರಿ. ಎರಡೂ ಹಾರ್ಮೋನ್ ಸೇರಿಸಿ ತೆಗೆದುಕೊಳ್ಳುವ ಅವಧಿ ಬೆಳೆದಂತೆ ಸ್ತನ ಕ್ಯಾನ್ಸರಿನ ಸಂಭವವೂ ಬೆಳೆಯುವುದರಿಂದ ಈ ವಾರ್ಷಿಕ ಭೇಟಿಯನ್ನು ತಪ್ಪಿಸಬೇಡಿ. ಒಂದು ವೇಳೆ ಹಾರ್ಮೋನ್ ಬೇಡವೆಂದೇ ತೀರ್ಮಾನಿಸಿದರೆ, ಝಳ ಕಡಿಮೆ ಮಾಡುವ ಹಾರ್ಮೋನ್ ಅಲ್ಲದ ಮಾತ್ರೆಗಳೂ ಇವೆ. ಅವುಗಳ ಪರಿಣಾಮ ಇದರಷ್ಟಿಲ್ಲದಿದ್ದರೂ ಕೆಲವರಿಗೆ ನಿದ್ದೆ ಬರುವಷ್ಟು ಉಪಶಮನ ಸಿಗುತ್ತದೆ. ವೈನಿಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರ ಪ್ರಶ್ನೆಗಳನ್ನು ಅವರೇ ಕೇಳಲಿ.