ಕೋವಿಯ ಕಿವಿ ಹತ್ರ ಹಾಕೋ ಮದ್ದಿಗೆ ಕನ್ನಡದಲ್ಲಿ ಏನಂತಾರೆ?

ಎಲ್ರಿಗೂ ನಮಸ್ಕಾರ. ನಾನಿರೋದು ಪೆನ್ಸಿಲ್ವೇನಿಯಾದಲ್ಲಿ, ಇಲ್ಲಿ ಮಜಲ್‌ಲೋಡರ್ ಅಂದ್ರೆ ಬಾಯಿಂದ ಮದ್ದು ತುಂಬೋ ಕೋವಿಯೋರ ಕ್ಲಬ್ಬಿಗೆ ಹೊಸದಾಗಿ ಸೇರ್ಕೊಂಡಿದೀನಿ. ಈ ರಾಜ್ಯದಲ್ಲಿ ಕ್ರಿಸ್ಮಸ್ ಕಳೆದ್ಮೇಲೆ ಫ್ಲಿಂಟ್‌ಲಾಕ್‌ಗೆ, ಅಂದ್ರೆ ಚಕಮಕಿ ಕಲ್ಲಿನ ಕಿಡಿಯಿಂದ ಹಾರೋ ಕೋವಿಗೆ ಮಾತ್ರ ಅಂತ ಒಂದು ಜಿಂಕೆ ಬೇಟೆ ಸೀಸನ್ 1974ರಿಂದ ಇದೆ, ಹಂಗಾಗಿ ಚಕಮಕಿ ಕಲ್ಲಿನ ಹುಚ್ಚಿರೋರು ಸುಮಾರು ಜನ ಸಿಗ್ತಾರೆ.

ಮಲೆನಾಡಿನೋನಾಗಿದ್ರಿಂದ ಅರ್ಧ ಪದ ಬಾಯಲ್ಲೇ ಇತ್ತು. ನಳಿಗೆ (ಕೋವಿಯ ಕೊಳವೆ), ಕುದುರೆ (ಬಿಲ್ಲೆಳೆದಾಗ ಬಡಿಯೋ ಭಾಗ), ಗಜ (ಮದ್ದು ಗುಂಡು ಒಳಗೆ ತಳ್ಳೋ ಕೋಲು), ಚರೆ (ಸಣ್ಣ ಗುಂಡು), ಈಡು (ಒಂದು ಸಲ ಹಾರಿಸೋ ಗುಂಡು). ನಮ್ಮ ಕಡೆ ಮದ್ದಿನ ಮೇಲೆ ತೆಂಗಿನ ನಾರು ಗಿಡೀತಿದ್ರು, ಇಲ್ಲಿ ಎಣ್ಣೆ ಸವರಿದ ಬಟ್ಟೆಚೂರಲ್ಲಿ ಗುಂಡು ಸುತ್ತಿ ಗಜದಲ್ಲಿ ಇಳಿಸ್ತಾರೆ. ಹೊಸಬರಿಗೆ ಮೊದಲು ಹೇಳೋದೇ ಮದ್ದು ತುಂಬಿಡೋ ಕೊಂಬಿಂದ ಸೀದಾ ನಳಿಗೆಗೆ ಸುರಿಬೇಡ ಅಂತ, ಹಿಂದಿನ ಈಡಿನ ಕಿಡಿ ಒಳಗೆ ಉಳ್ಕೊಂಡಿದ್ರೆ ಇಡೀ ಕೊಂಬು ಕೈಯಲ್ಲೇ ಸಿಡಿಯುತ್ತೆ, ಅದಕ್ಕೆ ಅಳತೆ ಪಾತ್ರೆಗೆ ಹಾಕ್ಕೊಂಡು ಆಮೇಲೆ ಸುರಿಯೋದು.

ಸಿಕ್ಕಾಕೊಂಡಿದ್ದು ಎಲ್ಲಿ ಅಂದ್ರೆ, ಇದಕ್ಕೆ ಮದ್ದು ಎರಡು ಕಡೆ ಬೇಕು. ನಳಿಗೆ ಒಳಗೊಂದು, ಹೊರಗೆ ಕಿವಿ, ಅಂದ್ರೆ ನಳಿಗೆಯೊಳಕ್ಕೆ ಬೆಂಕಿ ಹೋಗೋ ತೂತಿನ ಪಕ್ಕ ಪುಟ್ಟ ಬಟ್ಟಲಲ್ಲಿ ಚಿಟಿಕೆಯಷ್ಟು ನುಣುಪಾದ್ದು ಇನ್ನೊಂದು. ಕುದುರೆ ಬಿದ್ದಾಗ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಬಟ್ಟಲಿಗೆ ಬೀಳುತ್ತೆ, ಅಲ್ಲಿಂದ ಬೆಂಕಿ ತೂತಲ್ಲಿ ಒಳಗೆ ಹೋಗ್ಬೇಕು. ಎಷ್ಟೋ ಸಲ ಬಟ್ಟಲಿಂದು ಭುಸ್ ಅಂತ ಉರಿದು ಕೋವಿ ಸುಮ್ನೆ ನಿಂತಿರುತ್ತೆ. ಈ ಹೊರಗಿನ ಮದ್ದಿಗೆ ನಮ್ಮೂರಲ್ಲಿ ಪದಾನೇ ಕೇಳಿಲ್ಲ, ಯಾಕಂದ್ರೆ ನಮ್ಮದೆಲ್ಲ ಕೇಪಿನ (ಕುದುರೆ ಬಡಿದ್ರೆ ಕಿಡಿ ಕೊಡೋ ಪುಟ್ಟ ಲೋಹದ ಟೋಪಿ) ಕೋವಿ, ಕೇಪು ಬಂದ್ಮೇಲೆ ಬಟ್ಟಲೂ ಹೋಯ್ತು ಅದರ ಪದಾನೂ ಹೋಗಿರ್ಬೇಕು. ಹಳೇ ನಿಘಂಟಲ್ಲಿ 'ರಂಜಕ' ಅಂತಿದೆ, ಮರಾಠಿ ಹಿಂದಿಯಲ್ಲೂ ಇರೋ ಪದ. ಸೈನ್ಯದೋರ ಜೊತೆ ಬಂದಿದ್ದು ಅನ್ಸುತ್ತೆ, ಹಳ್ಳಿಯೋರ ಬಾಯಿಗೆ ಬಂದಿತ್ತಾ?

ಫ್ಲಿಂಟ್‌ಲಾಕ್‌ಗೆ ನಾನು 'ಚಕಮಕಿ ಕೋವಿ' ಅಂತ ಹೇಳ್ಕೊಂಡು ಓಡಾಡ್ತಿದೀನಿ, ಹಳೇ ಹೆಸರು ಗೊತ್ತಿದ್ರೆ ಬಿಟ್ಬಿಡ್ತೀನಿ. ಕೊಡಗಿನೋರು ಕೈಲ್ ಪೊಳ್ದ್‌ಗೆ ಹಳೇ ತೋಕ್ (ಕೋವಿ) ಇಳಿಸಿ ಪೂಜೆ ಮಾಡ್ತೀರಲ್ಲ, ಬಟ್ಟಲಿರೋದು ಯಾರ ಮನೇಲಾದ್ರೂ ಇದ್ರೆ ಆ ಭಾಗಕ್ಕೆ ಏನಂತೀರಿ? ಇನ್ನು ಕರಾವಳಿಯೋರಿಗೆ, ದೇವಸ್ಥಾನದಲ್ಲಿ ಕದಿನ (ಮದ್ದು ತುಂಬಿ ಸಿಡಿಸೋ ಕಬ್ಬಿಣದ ಕುಳಿ) ಹೊಡೆಯೋರು ಇವತ್ತಿಗೂ ತೂತಿನ ಹತ್ರ ಒಂಚೂರು ಮದ್ದು ಇಟ್ಟು ಬೆಂಕಿ ಮುಟ್ಟಿಸ್ತಾರೆ. ಅವರನ್ನ ಕೇಳಿದ್ರೆ ತುಳುವಲ್ಲಾದ್ರೂ ಪದ ಸಿಗಬಹುದು ಅಂತ ನನ್ನ ಆಸೆ.