ಸಹಾಯ ಬೇಕು: ವರ್ಡ್‌ಪ್ರೆಸ್‌ನ ಹಳೇ ಎಡಿಟರ್ ವಾಪಸ್ ಬರುತ್ತದಾ?

ವರ್ಡ್‌ಪ್ರೆಸ್ (ವೆಬ್‌ಸೈಟ್ ನಡೆಸುವ ತಂತ್ರಾಂಶ) ಬಳಸುವ ನಮ್ಮ ಸಂಘದ ವೆಬ್‌ಸೈಟಿಗೆ ಕವನ, ವರದಿ ಹಾಕುವ ಕೆಲಸ ನನ್ನದು. ಹೋದ ವಾರ ಸೈಟ್ ನೋಡಿಕೊಳ್ಳುವವರು ಹೇಳದೆ ಕೇಳದೆ ಹಳೇ ಎಡಿಟರನ್ನು ಉಳಿಸಿಕೊಡುತ್ತಿದ್ದ 'ಕ್ಲಾಸಿಕ್ ಎಡಿಟರ್' ಪ್ಲಗಿನ್ (ಸೈಟಿಗೆ ಸೇರಿಸುವ ಪುಟ್ಟ ತಂತ್ರಾಂಶ) ತೆಗೆದುಬಿಟ್ಟಿದ್ದಾರೆ. ಈಗ ಏನು ತೆರೆದರೂ, ಒಂದೊಂದು ಪ್ಯಾರಾವನ್ನೂ ಬೇರೆ ಬೇರೆ ತುಂಡಾಗಿ (ಬ್ಲಾಕ್) ಇಡುವ ಬ್ಲಾಕ್ ಎಡಿಟರ್. 2018ರ ಡಿಸೆಂಬರ್‌ನಲ್ಲಿ 5.0 ಆವೃತ್ತಿಯ ಜೊತೆಗೇ ಇದು ಬಂದಿದೆ, ಗೊತ್ತು. ಆ ಪ್ಲಗಿನ್ ನೆರಳಲ್ಲಿ ಇಷ್ಟು ವರ್ಷ ತಪ್ಪಿಸಿಕೊಂಡಿದ್ದೆ, ಅಷ್ಟೇ.

ನಿನ್ನೆ ವರ್ಡ್ ಫೈಲಿನಿಂದ ಒಂದು ಕವನ ಅಂಟಿಸಿದೆ. ಹದಿನಾಲ್ಕು ಸಾಲು, ಹದಿನಾಲ್ಕು ಬ್ಲಾಕ್! ಸಾಲುಗಳ ನಡುವೆ ಬಸ್ಸೇ ಹೋಗುವಷ್ಟು ಜಾಗ. ನಾನೇ ಟೈಪ್ ಮಾಡುವಾಗ ಶಿಫ್ಟ್ ಹಿಡಿದು ಎಂಟರ್ ಒತ್ತಿದರೆ ಸಾಲು ಅದೇ ಬ್ಲಾಕಿನಲ್ಲಿ ಉಳಿಯುತ್ತದೆ, ಸರಿ. ಅಂಟಿಸಿದ್ದನ್ನೆಲ್ಲ ಒಂದೊಂದಾಗಿ ಜೋಡಿಸುತ್ತಾ ಕೂರಲು ಆಗುತ್ತದಾ?

ನನಗಿರುವುದು ಬರಹ ತಿದ್ದಿ ಪ್ರಕಟಿಸುವ ಹಕ್ಕಿನ 'ಎಡಿಟರ್' ಲಾಗಿನ್. (ಎಡಿಟರ್‌ಗೇ ಎಡಿಟರ್ ಆರಿಸುವ ಹಕ್ಕಿಲ್ಲ, ತಮಾಷೆ ಅಲ್ವಾ?) ಪ್ಲಗಿನ್ ಮೆನುವೇ ಕಾಣುವುದಿಲ್ಲ. ಫೋನ್ ಮಾಡಿದರೆ, 'ಸುಮ್ನೆ ಅಭ್ಯಾಸ ಮಾಡ್ಕೊಳ್ಳಿ ಸಾರ್' ಅನ್ನುತ್ತಾರೆ.

ಪ್ಲಗಿನ್ ಇಲ್ಲದೆ, ಹಳೇ ಎಡಿಟರ್‌ನಂತೆಯೇ ಇರುವ 'ಕ್ಲಾಸಿಕ್' ಅನ್ನುವ ಒಂದೇ ಬ್ಲಾಕ್ ಹಾಕಿಕೊಂಡು ಯಾರಾದರೂ ಬರೆಯುತ್ತಿದ್ದೀರಾ? ಪದ್ಯಕ್ಕೆ ಅಂತಲೇ ಇರುವ 'ವರ್ಸ್' ಬ್ಲಾಕ್ ಕನ್ನಡ ಫಾಂಟ್‌ನಲ್ಲಿ ಚೆನ್ನಾಗಿ ಕಾಣುತ್ತದಾ? ಹಳೇ ವರದಿಗಳನ್ನು ಬ್ಲಾಕ್‌ಗೆ ಬದಲಿಸಿದರೆ ಅದರೊಳಗಿನ ಟೇಬಲ್‌ಗಳು ಕೆಡುತ್ತವಾ? ಮಾಡಿ ನೋಡಿದವರು ಹೇಳಿ. ಶುಕ್ರವಾರದೊಳಗೆ ಇನ್ನೂ ಆರು ಕವನ ಹಾಕಬೇಕು.